ಬೆರೆಸಿದರೆ ಸಾಲದು, ಬಿಸಿಯೂ ಬೇಕು

ಆಹಾರದ ಪ್ಯಾಕೆಟ್‌ಗೆ ಬಳಸುವ ಫಿಲ್ಮ್ (ತೆಳು ಹಾಳೆ) ಕುರಿತ ನಿಮ್ಮ ಲೇಖನದಲ್ಲಿ, ಪಿಷ್ಟದ ಫಿಲ್ಮ್‌ಗೆ ಸಿಟ್ರಿಕ್ ಆಮ್ಲ ಬೆರೆಸಿದರೆ ಸಾಕು, ಗಟ್ಟಿಯಾಗುತ್ತದೆ ಎಂದು ಬರೆದಿದ್ದೀರಿ. ಇದನ್ನು ಒಪ್ಪುವುದು ಕಷ್ಟ. ಸುಮ್ನೆ ಬೆರೆಸಿ ಒಣಗಿಸಿದರೆ ಆಮ್ಲದ ಹೆಚ್ಚಿನ ಪಾಲು ಪಿಷ್ಟದ ಅಣುಗಳ ಉದ್ದನೆಯ ಸರಪಳಿಗಳ ನಡುವೆ ಹಾಗೇ ಉಳಿದು ಫಿಲ್ಮ್ ಮೆತ್ತಗಾಗುತ್ತದೆ. ಆಮ್ಲವು ಈ ಸರಪಳಿಗಳನ್ನು ಒಂದಕ್ಕೊಂದು ಬೆಸೆಯುವ ಎಸ್ಟರ್ ಬಂಧ ಚೆನ್ನಾಗಿ ಕೂಡಬೇಕಾದರೆ ಒಣಗಿದ ಫಿಲ್ಮ್ ಅನ್ನು ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿಯಲ್ಲಿ ಇಡಬೇಕು. ಬಿಸಿ ಅತಿಯಾದರೆ ಅದೇ ಆಮ್ಲ ಪಿಷ್ಟದ ಸರಪಳಿಯನ್ನು ತುಂಡರಿಸುತ್ತದೆ, ಫಿಲ್ಮ್ ಹಳದಿಗೆ ತಿರುಗುತ್ತದೆ. ಈ ಹದವೇ ಇಡೀ ಕೆಲಸದ ಕಷ್ಟದ ಭಾಗ ಅಲ್ವಾ? ಅದನ್ನೇ ಬಿಟ್ಟಿದ್ದೀರಿ.

ಗಾರ್ಡೇನಿಯಾ ಹಣ್ಣಿನಿಂದ ಬರುವ ಜೆನಿಪಿನ್ ಎಂಬ ಇನ್ನೊಂದು ಬೆಸೆಯುವ ವಸ್ತುವನ್ನು ಹೊಗಳಿದ್ದು ಸರಿ. ಅದು ಅಷ್ಟು ಬಿಸಿಯಿಲ್ಲದೆಯೇ ಕೈಟೋಸಾನ್‌ನ (ಸಿಗಡಿ, ಏಡಿಯ ಚಿಪ್ಪಿನಿಂದ ತಯಾರಿಸುವ ಫಿಲ್ಮ್ ವಸ್ತು) ಅಮೈನ್ ಎಂಬ ಸಾರಜನಕದ ಗುಂಪುಗಳನ್ನು ಬೆಸೆಯುತ್ತದೆ. ಆದರೆ ಫಿಲ್ಮ್ ನೀಲಿಯಾಗುತ್ತದೆ. ಒಳಗಿನ ಆಹಾರ ಕಣ್ಣಿಗೆ ಕಾಣಬೇಕಾದ ಪ್ಯಾಕೆಟ್‌ಗೆ ಇದು ಸಣ್ಣ ತೊಡಕಲ್ಲ.