ಗಂಡಸರ ನಡೆ, ಮಿರ್ಚಿ ಬಂಡಿ ಕಡೆ

ಶಿಬಿರದ ಹೆಸರು ‘ಗಂಡಸರ ನಡೆ ಆರೋಗ್ಯದ ಕಡೆ’. ನಮ್ಮ ಓಣಿಯಿಂದ ಪಾರ್ಕಿಗೆ ಎರಡು ಫರ್ಲಾಂಗು. ಗಂಡಸರೆಲ್ಲ ಬೈಕ್ ಮೇಲೆ ಬಂದರು.

ಗಂಗಾವತಿಯಲ್ಲಿ ಬೆಳಿಗ್ಗೆ ಆರಕ್ಕೆ ಅಂದರೆ ಅತಿಥಿಗಳ ಕಾರು ಬಂದಾಗ ಅಂತ ಅರ್ಥ. ಒಂಬತ್ತೂವರೆಗೆ ಬಂತು. ಮೂರೂವರೆ ತಾಸು ಪ್ಲಾಸ್ಟಿಕ್ ಕುರ್ಚಿಗೆ ಅಂಟಿಕೊಂಡಿದ್ದವರಿಗೆ ಮೊದಲ ಉಪನ್ಯಾಸ: ಬಹಳ ಹೊತ್ತು ಕೂಡುವುದರ ಅಪಾಯಗಳು.

ಹಿಂದಿನ ಸಾಲು ಖಾಲಿ ಕಾಣಬಾರದಲ್ಲ, ರೈಸ್ ಮಿಲ್ಲಿನಿಂದ ಹತ್ತು ಮಂದಿ ಹಮಾಲರನ್ನು ಟಂಟಂನಲ್ಲಿ ತುಂಬಿಕೊಂಡು ಬಂದಿದ್ದರು. ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಸಬೇಕು, ಇದು ವಿಶ್ವ ಆರೋಗ್ಯ ಸಂಸ್ಥೆಯ ಮಾತು ಅಂದರು ಭಾಷಣಕಾರರು. ಹಮಾಲನೊಬ್ಬ ಎದ್ದು ನಿಂತ: “ಎರಡು ಲಾರಿ ಇಳಿಸೂದ್ರಾಗ ಅಷ್ಟು ಮುಗೀತೈತ್ರಿ. ವಾರದಾಗ ಉಳಿದದ್ದಕ್ಕ ರಜಾ ಕೊಡಸ್ತೀರೇನು?” ಅವನನ್ನು ಕೂಡಿಸಿದರು. ಕೂತರೆ ಅಪಾಯ ಅಂತ ಈಗಷ್ಟೇ ಹೇಳಿದ್ದರು, ಇರಲಿ.

ಆಮೇಲೆ ಸೊಂಟದ ಅಳತೆ. ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದಂತೆ. ಟೇಪು ಓಣಿಯ ಟೇಲರನದು, ಅವನಿಗೆ ಇಂಚು ಬಿಟ್ಟು ಬೇರೆ ಭಾಷೆ ಬರದು. “ಮೂವತ್ತೈದೂವರಿ ಅನ್ರೀ ಸುಮ್ನ!” ಅಂದ. ಟೇಪು ಹತ್ತಿರ ಬಂದಂತೆ ಒಬ್ಬೊಬ್ಬರೂ ಉಸಿರು ಒಳಗೆಳೆದು ಯೋಗಿಗಳಾದರು. ವೇದಿಕೆಯವರನ್ನು ಅಳೆಯಲಾಗಲಿಲ್ಲ, ಹಾರ ಅಡ್ಡ ಬಂತು.

ಊಟದ ಪಾಠ ಮಾತ್ರ ಸೊಗಸಾಗಿತ್ತು. ಅನ್ನ ಬಿಡಿ, ಜೋಳದ ರೊಟ್ಟಿ ತಿನ್ನಿ! ಹೇಳಿದ್ದು ಎಲ್ಲಿ? ಭತ್ತದ ಕಣಜದಲ್ಲಿ. ಇಲ್ಲಿನ ಅಜ್ಜಂದಿರು ರೊಟ್ಟಿ ತಿಂದೇ ಬದುಕಿದವರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಜೋಳದ ಹೊಲಗಳು ಗದ್ದೆಗಳಾದವು. ಈಗ ರೇಷನ್ ಅಂಗಡಿಯ ಅಕ್ಕಿ ಪುಕ್ಕಟೆ, ಸಂತೆಯ ಜೋಳಕ್ಕೆ ರೊಕ್ಕ ಎಣಿಸಬೇಕು. ಹೂಂ, ಎಣಿಸೋಣ. ಬಡಿಯುವವರು ಯಾರು? ಮರುದಿನ ನಸುಕಿನಲ್ಲಿ ನಮ್ಮ ಓಣಿ ತುಂಬ ಟಪಟಪ ಸದ್ದು. ಪಥ್ಯ ಗಂಡನದು, ತೋಳಿನ ವ್ಯಾಯಾಮ ಹೆಂಡತಿಯದು. ರೊಟ್ಟಿ ಬಡಿದು ಬುತ್ತಿ ಕಟ್ಟಿ ಅವಳು ನಾಟಿಗೆ ಹೋದಳು, ದಿನವಿಡೀ ಕೆಸರಲ್ಲಿ ಬಗ್ಗಿ ನಿಲ್ಲಲು. ಗಂಡಸರ ಶಿಬಿರದಿಂದ ನಿಜಕ್ಕೂ ಮೈ ದಣಿದದ್ದು ಅವಳೊಬ್ಬಳದೇ.

ಎರಡನೆಯ ವಾರ ಪಾರ್ಕಿಗೆ ಬಂದವರು ಮೂವರು. ಅದರಲ್ಲೊಬ್ಬ ಟೇಪು ವಾಪಸು ಕೇಳಲು ಬಂದ ಟೇಲರ.

ಸಂಘಟಕರು ಚಿಂತೆಗೆ ಬಿದ್ದರು. ಓದಿಕೊಂಡವರೊಬ್ಬರು ಸ್ಕಾಟ್ಲೆಂಡಿನ ಕತೆ ತೆಗೆದರು. ಅಲ್ಲಿ 35ರಿಂದ 65 ವಯಸ್ಸಿನ ಹೊಟ್ಟೆ ಬಂದ ಗಂಡಸರನ್ನು ಅವರು ಜೀವ ಬಿಡುವ ಫುಟ್‌ಬಾಲ್ ಕ್ಲಬ್ಬಿಗೇ ಕರೆದು, 12 ವಾರ ನಡಿಗೆ, ವ್ಯಾಯಾಮ, ಊಟದ ಪಾಠ ಮಾಡಿದರಂತೆ. ವರ್ಷ ಕಳೆದ ಮೇಲೆ ನೋಡಿದರೆ, ಸೇರದವರಿಗಿಂತ ಸರಾಸರಿ 5 ಕಿಲೋದಷ್ಟು ಹೆಚ್ಚು ಇಳಿದಿತ್ತು. 2014ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲೇ ಬಂದಿದೆ. ಅಂದರೆ ಗಂಡಸರನ್ನು ಕರೆಯಬಾರದು, ಅವರಿದ್ದಲ್ಲಿಗೆ ನಾವೇ ಹೋಗಬೇಕು.

ಹೌದಲ್ಲ! ನಮ್ಮ ಗಂಡಸರು ಎಲ್ಲಿರುತ್ತಾರೆ?

ಮೂರನೆಯ ವಾರದ ಶಿಬಿರ ಸಂಜೆ ಆರಕ್ಕೆ ಮಿರ್ಚಿ ಬಂಡಿಯ ಮುಂದೆ ನಡೆಯಿತು. ಹೇಳಿದ ಹೊತ್ತಿಗೇ ಶುರು, ಕಾಲಿಡಲು ಜಾಗವಿಲ್ಲ. ‘ಎಣ್ಣೆ ಕಡಿಮೆ, ಆಯುಷ್ಯ ಹೆಚ್ಚು’ ಎಂಬ ಕರಪತ್ರ ಕೈಕೈಗೆ ಹಂಚಿದರು. ಬಂಡಿಯವನ ಹತ್ತಿರ ಹಳೆಯ ಪೇಪರು ಮುಗಿದಿತ್ತು. ಉಳಿದ ಕಟ್ಟನ್ನು ಅವನಿಗೇ ಕೊಟ್ಟರು. ಎಣ್ಣೆಯನ್ನು ಚೆನ್ನಾಗಿ ಹೀರುತ್ತದೆ ಅಂತ ಇನ್ನೂ ಹೊಗಳುತ್ತಿದ್ದಾನೆ.