ಮಾತಾಡಿದವರ ಪಟ್ಟಿ

ತರಗತಿಯನ್ನು ಸುಮ್ಮನಿರಿಸಲು ಮನುಷ್ಯ ಕಂಡುಹಿಡಿದ ಉಪಾಯಗಳಲ್ಲೆಲ್ಲ ಅತಿ ಹೆಚ್ಚು ಗದ್ದಲ ಎಬ್ಬಿಸುವುದು ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಸುವುದು. ಮೇಷ್ಟ್ರಾದ ನಾನು ಆಫೀಸಿಗೆ ಹೋಗುವ ಮುಂಚೆ ಮಾನಿಟರ್ ಕೈಗೆ ಚಾಕ್‌ಪೀಸ್ ಕೊಟ್ಟು "ಯಾರು ಬಾಯಿ ಬಿಡ್ತಾರೋ ಬರಿ" ಅನ್ನುತ್ತೇನೆ. ಐದು ನಿಮಿಷಕ್ಕೆ ಹಿಂದಿರುಗಿದರೆ ಬೋರ್ಡ್ ಮತದಾರರ ಪಟ್ಟಿಯಂತೆ ತುಂಬಿರುತ್ತದೆ. ಕೆಲವು ಹೆಸರಿನ ಮುಂದೆ ಒಂದು ಇಂಟು, ಕೆಲವಕ್ಕೆ ನಾಲ್ಕು. "ನಾನು ಮಾತೇ ಆಡಿಲ್ಲ ಕಣೋ" ಎಂದವನಿಗೆ, ಹಾಗೆ ಅಂದದ್ದಕ್ಕೆ ಇನ್ನೊಂದು ಇಂಟು. "ಅವನದ್ದು ಯಾಕೆ ಬರೆದಿಲ್ಲ?" ಎಂದವಳಿಗೆ ಎರಡು. ಇಡೀ ತರಗತಿಯಲ್ಲಿ ಪಟ್ಟಿಗೆ ಸೇರದೆ ಉಳಿದವನು ಒಬ್ಬನೇ, ಎಲ್ಲರಿಗಿಂತ ಜೋರಾಗಿ ಕಿರುಚುತ್ತಿದ್ದ ಮಾನಿಟರ್.

ಬೇಲಿಯೇ ಹೊಲ ಮೇಯುವುದನ್ನು ಮಕ್ಕಳು ಮೊದಲು ನೋಡುವುದು ಇಲ್ಲಿಯೇ. ಒಂದು ರಬ್ಬರ್ ಕೊಟ್ಟರೆ ಒಂದು ಇಂಟು ಅಳಿಯುತ್ತದೆ. ಶಾರ್ಪ್‌ನರ್ ಕೊಟ್ಟರೆ ಹೆಸರೇ ಮಾಯ. ಪೌರನೀತಿಯ ಪಾಠ ನಾನು ಬೇರೆ ಪೀರಿಯಡ್‌ನಲ್ಲಿ ಮಾಡುತ್ತೇನೆ, ಪ್ರಾಯೋಗಿಕ ತರಗತಿ ನನ್ನ ಬೆನ್ನ ಹಿಂದೆ ನಡೆಯುತ್ತದೆ.

ಇದು ನಮ್ಮ ಶಾಲೆಯದೊಂದೇ ಕಥೆಯಲ್ಲ. 1976ರಲ್ಲಿ ಅಮೆರಿಕದ ಕ್ಯಾಂಟರ್ ದಂಪತಿ ಇದನ್ನೊಂದು ಪದ್ಧತಿಯಾಗಿಯೇ ಕಟ್ಟಿದರು: ಮೊದಲ ತಪ್ಪಿಗೆ ಬೋರ್ಡಿನಲ್ಲಿ ಹೆಸರು, ಮುಂದಿನವಕ್ಕೆ ಪಕ್ಕದಲ್ಲಿ ಗುರುತು, ಗುರುತು ಬೆಳೆದಂತೆ ಶಿಕ್ಷೆಯೂ ಬೆಳೆಯುತ್ತದೆ. ಆಮೇಲೆ ಲೀ ಕ್ಯಾಂಟರ್ ಅವರೇ, ಬೋರ್ಡಿನಲ್ಲಿ ಬರೆದರೆ ಮಕ್ಕಳಿಗೆ ಅವಮಾನ ಅನಿಸಬಹುದು, ಕೈಯಲ್ಲಿರುವ ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ ಎಂದು ತಿದ್ದಿಕೊಂಡರು. ಆ ತಿದ್ದುಪಡಿ ನಮ್ಮ ಮಾನಿಟರ್‌ಗೆ ಇನ್ನೂ ತಲುಪಿಲ್ಲ.

ನಮ್ಮಲ್ಲೊಂದು ಶಿಸ್ತು ಸಮಿತಿ ಇದೆ. ನಾನೂ ಅದರ ಸದಸ್ಯ. ಸಮಿತಿ ಶುರುವಾದಾಗ ಗೋಡೆಯ ಮೇಲಿನ ನಿಯಮಗಳು ಐದು. ಈಗ ಮೂವತ್ತನಾಲ್ಕು. ಪ್ರತಿ ನಿಯಮಕ್ಕೂ ಒಬ್ಬ ಮೂಲಪುರುಷ ಇದ್ದಾನೆ. ಹನ್ನೊಂದನೆಯದನ್ನು ಓದಿ, "ಪೆನ್ನಿನ ಮುಚ್ಚಳವನ್ನು ಮೂಗಿಗೆ ಏರಿಸಬಾರದು". ಅದು ಅಲ್ಲಿ ಬರುವ ತನಕ ಆ ಸಾಧ್ಯತೆ ಹೊಳೆದದ್ದು ಒಬ್ಬನಿಗೆ ಮಾತ್ರ. ಬಂದ ಮೇಲೆ ಇಡೀ ಶಾಲೆಗೆ ಹೊಳೆಯಿತು. ಇಪ್ಪತ್ತಾರನೆಯದು "ಹನ್ನೊಂದನೆಯ ನಿಯಮ ಪೆನ್ಸಿಲಿಗೂ ಅನ್ವಯಿಸುತ್ತದೆ". ಮಕ್ಕಳು ಮೂಗಿಗೆ ಬೆರಳಿಟ್ಟು ಫಲಕ ಓದುತ್ತಾ ನಿಲ್ಲತೊಡಗಿದ್ದರಿಂದ ಕಾರಿಡಾರಿನಲ್ಲಿ ನೂಕುನುಗ್ಗಲು ಹೆಚ್ಚಿತು. ಆಗ ಮೂವತ್ತನಾಲ್ಕನೆಯದನ್ನು ಸೇರಿಸಿದೆವು: "ನಿಯಮ ಫಲಕದ ಮುಂದೆ ಯಾರೂ ಗುಂಪುಗೂಡಬಾರದು".

ನಿಯಮ ಬರೀ ಹೇಳಿದರೆ ನಡತೆ ಹೆಚ್ಚೇನೂ ಬದಲಾಗುವುದಿಲ್ಲ ಎಂದು ಮ್ಯಾಡ್ಸನ್, ಬೆಕರ್ ಮತ್ತು ಥಾಮಸ್ ಎಂಬ ಮೂವರು ತರಗತಿಯಲ್ಲಿ ಕೂತು ಎಣಿಸಿ 1968ರಲ್ಲೇ ಬರೆದಿದ್ದಾರೆ. ಸಮಿತಿಯಲ್ಲಿ ನಾನು ಇದನ್ನು ಹೇಳಿದೆ. "ಹಾಗಾದರೆ ನಿಯಮ ಪಾಲಿಸಬೇಕು ಅಂತ ಇನ್ನೊಂದು ನಿಯಮ ಹಾಕೋಣ" ಎಂದರು ಅಧ್ಯಕ್ಷರು. ಸರ್ವಾನುಮತ. ನಾನೂ ಕೈ ಎತ್ತಿದೆ, ಸಂಜೆಯಾಗಿತ್ತು.

ಅದೇ ಸಂಶೋಧಕರು ಅದೇ ವರ್ಷ ಇನ್ನೊಂದು ಕೆಲಸ ಮಾಡಿದ್ದರು. ಒಂದನೇ ತರಗತಿಯಲ್ಲಿ ಕೂತು, ಶಿಕ್ಷಕಿ "ಕೂತ್ಕೊಳ್ಳಿ" ಎಂದು ಎಷ್ಟು ಸಲ ಹೇಳಿದರೆ ಎಷ್ಟು ಮಕ್ಕಳು ಏಳುತ್ತಾರೆ ಎಂದು ಲೆಕ್ಕ ಹಾಕಿದರು. ಹೇಳಿದೊಡನೆ ಎದುರಿಗಿದ್ದವನು ಕೂರುತ್ತಾನೆ, ನಿಜ. ಆದರೆ "ಕೂತ್ಕೊಳ್ಳಿ" ಹೆಚ್ಚಿದಷ್ಟೂ ಒಟ್ಟಾರೆ ಎದ್ದು ನಿಲ್ಲುವವರು ಹೆಚ್ಚಿದರು! ಕೂತು ಕೆಲಸ ಮಾಡುತ್ತಿದ್ದವರನ್ನು ಮೆಚ್ಚಿಕೊಂಡಾಗ ಏಳುವವರು ಕಡಿಮೆಯಾದರು. ಎದ್ದರೆ ಟೀಚರ್ ನೋಡುತ್ತಾರೆ, ಕೂತರೆ ಯಾರೂ ಮೂಸಿ ನೋಡುವುದಿಲ್ಲ ಎಂದು ಆರು ವರ್ಷದ ಮಗುವಿಗೆ ಅರ್ಥವಾಗಿತ್ತು. ನಮ್ಮ ಅಧ್ಯಕ್ಷರಿಗೂ ವಿವರಿಸಿದೆ. ಗಮನವಿಟ್ಟು ಕೇಳಿಸಿಕೊಂಡರು. ಮರುವಾರ ಪ್ರತಿ ಕೋಣೆಗೂ ಸ್ಪೀಕರ್ ಬಂತು. ಈಗ "ಕೂತ್ಕೊಳ್ಳಿ" ಮೈಕಿನಲ್ಲಿ ಬರುತ್ತದೆ, ಇಡೀ ಶಾಲೆ ಒಟ್ಟಿಗೆ ಎದ್ದು ನಿಂತು ಧ್ವನಿ ಎಲ್ಲಿಂದ ಬಂತೆಂದು ನೋಡುತ್ತದೆ.

ನಮ್ಮನ್ನು ತಿದ್ದಲು ತರಬೇತಿಯೂ ನಡೆಯಿತು. ವಿಷಯ "ತರಗತಿ ನಿರ್ವಹಣೆ". ಒಂಬತ್ತೂವರೆಗೆ ಶುರುವಾಗಬೇಕಾದ್ದು ಹತ್ತೂಕಾಲಿಗೆ ಶುರುವಾಯಿತು, ಏಕೆಂದರೆ ಸಮಯಪಾಲನೆಯ ಬಗ್ಗೆ ಮಾತಾಡಬೇಕಾದವರು ಬಂದಿರಲಿಲ್ಲ. ಹಿಂದಿನ ಬೆಂಚುಗಳು ಮೊದಲು ತುಂಬಿದವು. ನನ್ನ ಪಕ್ಕದ ಗಣಿತದ ಮೇಡಂ ಡೆಸ್ಕಿನ ಕೆಳಗೆ ಫೋನ್ ಹಿಡಿದು ಪೂಜ್ಯಭಾವದಿಂದ ತಲೆತಗ್ಗಿಸಿದ್ದರು. ಮುಂದಿದ್ದವರು ನನ್ನ ಹೆಸರಿಗೂ ಒಂದು ಸಹಿ ಹಾಕಿ ಹಾಳೆ ಹಿಂದಕ್ಕೆ ದಾಟಿಸಿದರು.

ತರಬೇತುದಾರರು ಜೇಕಬ್ ಕೂನಿನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರ ಕಥೆ ಹೇಳಿದರು. ಕೂನಿನ್ ಕಾಲೇಜಿನಲ್ಲಿ ಪಾಠ ಮಾಡುವಾಗ ಹಿಂದೆ ಒಬ್ಬ ವಿದ್ಯಾರ್ಥಿ ಪತ್ರಿಕೆ ಬಿಡಿಸಿಕೊಂಡು ಕೂತಿದ್ದನಂತೆ. ಗದರಿದರು. ಅವನು ಮಡಚಿದ, ಅದೇನೂ ದೊಡ್ಡದಲ್ಲ. ಏನೂ ಮಾಡದೆ ಕೂತಿದ್ದ ಉಳಿದವರೆಲ್ಲ ಬೆನ್ನು ನೆಟ್ಟಗೆ ಮಾಡಿ ಪುಸ್ತಕ ನೋಡತೊಡಗಿದರು. ಒಬ್ಬನಿಗೆ ಬಿದ್ದ ಮಾತು ಅಲೆಯಂತೆ ಎಲ್ಲರಿಗೂ ತಾಗುವುದನ್ನು ಅಧ್ಯಯನ ಮಾಡಹೊರಟ ಅವರು 1970ರ ಹೊತ್ತಿಗೆ ಬೇರೆಯದೇ ಕಡೆ ತಲುಪಿದ್ದರು. ತಪ್ಪಾದ ಮೇಲೆ ಹೇಗೆ ಗದರುತ್ತಾರೆ ಎಂಬುದರಲ್ಲಿ ಒಳ್ಳೆಯ ಶಿಕ್ಷಕರಿಗೂ ಉಳಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು ತಪ್ಪಿಗೆ ಮುಂಚೆ: ಪಾಠ ತಡವರಿಸದೆ ಸಾಗುತ್ತಿದೆಯೇ, ಮೇಷ್ಟ್ರಿಗೆ ಬೆನ್ನಲ್ಲೂ ಕಣ್ಣಿದೆ ಎಂದು ಮಕ್ಕಳಿಗೆ ಅನಿಸುತ್ತಿದೆಯೇ ಎಂಬುದರಲ್ಲಿ. ಸರಳವಾಗಿ ಹೇಳುವುದಾದರೆ, ಪಾಠ ಚೆನ್ನಾಗಿರಬೇಕು. ತರಬೇತುದಾರರು ಇದನ್ನು ಎಪ್ಪತ್ತೆರಡು ಸ್ಲೈಡುಗಳಲ್ಲಿ, ಒಂದೊಂದು ಸಾಲನ್ನೂ ಓದಿ, ನಮಗೆ ಬೆನ್ನು ತಿರುಗಿಸಿ ಹೇಳಿದರು. ನಲವತ್ತನೆಯ ಸ್ಲೈಡಿನ ಹೊತ್ತಿಗೆ ಒಬ್ಬರು ಕಾಗದದ ವಿಮಾನ ಮಡಚುತ್ತಿದ್ದರು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದು ಒದ್ದಾಡುವುದನ್ನು ನಾನು ಅಷ್ಟು ಹತ್ತಿರದಿಂದ ಹಿಂದೆಂದೂ ನೋಡಿರಲಿಲ್ಲ. (ವಿಮಾನ ನನ್ನದಲ್ಲ. ರಾಕೆಟ್ ನನ್ನದು.)

ಶಿಕ್ಷೆ ಹಳೆಯದಾಯಿತು, ಬಹುಮಾನ ಕೊಡಿ ಎಂದು ಆಪ್ ಬಂತು. ಒಳ್ಳೆಯ ನಡತೆಗೆ ಒಂದು ಪಾಯಿಂಟು, 'ಟಿಂಗ್' ಎಂಬ ಸದ್ದು. ಒಂದು ವಾರ ಸ್ವರ್ಗ. ಎರಡನೇ ವಾರ ಕೆಳಗೆ ಬಿದ್ದ ಕಾಗದವನ್ನು ತೋರಿಸಿ ಒಬ್ಬ ಕೇಳಿದ: "ಸಾರ್, ಎತ್ತಿದ್ರೆ ಎಷ್ಟು?" ಒಂದು ಎಂದೆ. "ಇನ್ನೊಂದು ಚೂರಿದೆ ಸಾರ್, ಎರಡು ಮಾಡಿ" ಎಂದ. ಮೂರನೇ ವಾರ ಕಾಗದ ಹರಿದು ಬೀಳಿಸುವವನು ಒಬ್ಬ, ಎತ್ತುವವನು ಇನ್ನೊಬ್ಬ, ಪಾಯಿಂಟು ಅರ್ಧ ಅರ್ಧ. ಚಿತ್ರ ಬಿಡಿಸುವುದನ್ನು ಇಷ್ಟಪಡುವ ಪುಟ್ಟ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿ ಬಿಡಿಸಲು ಹೇಳಿದರೆ, ಮುಂದೆ ಬಿಡುವಿನಲ್ಲಿ ಅವರು ಪೆನ್ನು ಮುಟ್ಟುವುದೇ ಕಡಿಮೆಯಾಗುತ್ತದೆ ಎಂದು 1973ರಲ್ಲಿ ಲೆಪ್ಪರ್ ಎಂಬ ಮನಃಶಾಸ್ತ್ರಜ್ಞ ಮತ್ತು ಸಂಗಡಿಗರು ತೋರಿಸಿದ್ದರು. ನಮ್ಮಲ್ಲಿ ಕಸ ಎತ್ತುವುದು ಕಡಿಮೆಯಾಗಲಿಲ್ಲ, ಕಸವೇ ಹೆಚ್ಚಾಯಿತು.

ಇಷ್ಟೆಲ್ಲ ಆದ ಮೇಲೆ ತಪಾಸಣೆಗೆ ದೊಡ್ಡವರೊಬ್ಬರು ಬಂದರು. ಹಿಂದಿನ ದಿನವೇ ಮೈಕಿನಲ್ಲಿ ಆಜ್ಞೆಯಾಗಿತ್ತು: ಪಿಟಿಕ್ ಎನ್ನಬಾರದು. ನನ್ನ ತರಗತಿ ಕೈಕಟ್ಟಿ ಕೂತಿತ್ತು. ಫ್ಯಾನಿನ ಕಿರಕಿರ ಬಿಟ್ಟರೆ ಬೇರೆ ಸದ್ದಿಲ್ಲ. ಸಾಹೇಬರು ಕನ್ನಡಕ ಸರಿಮಾಡಿಕೊಂಡು "ವೆರಿ ಗುಡ್, ಒಳ್ಳೆಯ ಶಿಸ್ತು" ಎಂದರು. ಏನು ಕಲಿಸುತ್ತಿದ್ದೀರಿ ಎಂದು ನನ್ನನ್ನು ಕೇಳಲಿಲ್ಲ. ನಾನೂ ಆವತ್ತು ಏನನ್ನೂ ಕಲಿಸುತ್ತಿರಲಿಲ್ಲ, ಕಲಿಸಿದರೆ ಸದ್ದಾಗುತ್ತದೆ.

ಅವರು ಮಕ್ಕಳ ಕಡೆ ತಿರುಗಿದರು. "ಗಾಳಿಗೆ ತೂಕ ಇದೆಯಾ? ಯಾರು ಹೇಳ್ತೀರಿ?"

ಉತ್ತರವಿಲ್ಲ. ಪ್ರಶ್ನೆ ಕೇಳಿದ ಮೇಲೆ ನಾವು ಶಿಕ್ಷಕರು ಕಾಯುವುದು ಸುಮಾರು ಒಂದೇ ಸೆಕೆಂಡು ಎಂದು ಮೇರಿ ಬಡ್ ರೋ ಎಂಬ ಸಂಶೋಧಕಿ ರೆಕಾರ್ಡ್ ಮಾಡಿ ಅಳೆದಿದ್ದರು. ಸಾಹೇಬರು ಅಷ್ಟೂ ಕಾಯಲಿಲ್ಲ. "ಹೇಳ್ರಪ್ಪಾ, ಇದೆಯಾ?" ಮತ್ತೆ ಮೌನ. "ಯಾರಿಗೂ ಗೊತ್ತಿಲ್ವಾ?" ಮೂರನೇ ಬೆಂಚಿನ ಹುಡುಗಿಗೆ ಗೊತ್ತಿತ್ತು. ತುಟಿ ಅಲುಗಿದ್ದು ನನಗೆ ಕಂಡಿತು. ಅವಳು ಬೋರ್ಡಿನ ಕಡೆ ಒಮ್ಮೆ ನೋಡಿ ತುಟಿ ಬಿಗಿದುಕೊಂಡಳು.

ಸಾಹೇಬರೂ ಅತ್ತ ನೋಡಿದರು. ಅಲ್ಲಿ ನಮ್ಮ ಮಾನಿಟರ್, ಯಾರೂ ಹೇಳದಿದ್ದರೂ, ತನ್ನ ಕರ್ತವ್ಯದಲ್ಲಿದ್ದ. ಹೆಸರು ಗೊತ್ತಿರಲಿಲ್ಲವಾದ್ದರಿಂದ ದುಂಡಗಿನ ಅಕ್ಷರದಲ್ಲಿ "ಕನ್ನಡಕದ ಸಾರ್" ಎಂದು ಬರೆದು, ಮುಂದೆ ಮೂರನೇ ಇಂಟು ಹಾಕುತ್ತಿದ್ದ.