ನನ್ನ ಪಾತ್ರವೇ ಹಾಗೆ, ನಾನೇನು ಮಾಡಲಿ?

ಮೇಜಿನ ಸುತ್ತ ನಾಲ್ಕೈದು ಗೆಳೆಯರು ಕೂತು, ತಲೆಗೊಂದು ವೇಷ ಹಂಚಿಕೊಂಡು, ಬಾಯಿಮಾತಿನಲ್ಲೇ ಕಥೆ ಕಟ್ಟುತ್ತಾ ಆಡುವ ರೋಲ್ ಪ್ಲೇಯಿಂಗ್ ಆಟಗಳ ಬಹುದೊಡ್ಡ ಆಮಿಷವೆಂದರೆ ಅಲ್ಲಿ ಯಾರು ಬೇಕಾದರೂ ಯಾರಾದರೂ ಆಗಬಹುದು. ದಿನವಿಡೀ ಕಚೇರಿಯಲ್ಲಿ ತಲೆಯಾಡಿಸುವವನು ಸಂಜೆ ಕೊಡಲಿ ಹಿಡಿದ ವೀರನಾಗಬಹುದು. ಜಿರಳೆಗೆ ಹೆದರುವವಳು ಡ್ರ್ಯಾಗನ್ನಿನ ಮೂಗಿಗೆ ಗುದ್ದಬಹುದು. ಹಾಗೆಂದು ನಿಯಮದ ಪುಸ್ತಕ ಹೇಳುತ್ತದೆ. ನಾನು ಕಂಡದ್ದು ಬೇರೆ. ಹೋಟೆಲಿನ ಬಿಲ್ಲು ಬಂದಾಗ ಫೋನ್ ತೆಗೆದು ಭಾಗಾಕಾರ ಮಾಡುವವನು ಗುಹೆಯೊಳಗೂ ಚಿನ್ನದ ನಾಣ್ಯ ಎಣಿಸುತ್ತಾನೆ. ಯಾರ ಮಾತನ್ನೂ ಪೂರ್ತಿ ಮಾಡಲು ಬಿಡದವನು ಮಾಂತ್ರಿಕನಾದರೂ ಬಿಡುವುದಿಲ್ಲ. ಈಗ ಅವನ ಕೈಯಲ್ಲಿ ಬೆಂಕಿಯುಂಡೆ ಬೇರೆ ಇರುತ್ತದೆ.

ಇವರೆಲ್ಲರಲ್ಲಿ ನನ್ನ ಅಚ್ಚುಮೆಚ್ಚಿನ ಶತ್ರು ಕಳ್ಳನ ಪಾತ್ರ ವಹಿಸುವ ಗೆಳೆಯ. ಕಾಡಿನಲ್ಲಿ ಎಲ್ಲರೂ ಬೆಂಕಿ ಹಾಕಿಕೊಂಡು ಮಲಗಿದ್ದೇವೆ. ಕಾವಲಿನ ಸರದಿ ಅವನದು. ಕೆಲಸ ಕೈಗೂಡುತ್ತದೆಯೇ ಎಂದು ತೀರ್ಮಾನಿಸುವ ದಾಳವನ್ನು ಸದ್ದಿಲ್ಲದೆ ಉರುಳಿಸಿ, ಅದೇ ಸಂಜೆ ತನ್ನ ಪ್ರಾಣ ಉಳಿಸಿದ ಪುರೋಹಿತೆಯ ಚೀಲದಿಂದ ಉಂಗುರ ಎಗರಿಸುತ್ತಾನೆ. ಪುರೋಹಿತೆಯಾಗಿದ್ದವಳ ಮುಖ ಕೆಂಪಾಗುತ್ತದೆ. ಆಟದ ಕೋಪವಲ್ಲ, ಅಸಲಿ ಕೋಪ. ಏಕಯ್ಯಾ ಹೀಗೆ ಎಂದರೆ ಸಿದ್ಧ ಉತ್ತರ: ‘ನನ್ನ ಪಾತ್ರವೇ ಹಾಗೆ, ನಾನೇನು ಮಾಡಲಿ?’ ಹಾಳೆಯ ಮೇಲೆ ಆ ಪಾತ್ರ ಬರೆದವರು ಯಾರು ಎಂದು ಮಾತ್ರ ಕೇಳಬಾರದು. ಈ ಬಗೆಯ ಆಟಗಳಲ್ಲಿ ಹೆಸರಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಪಾತ್ರದ ನೀತಿಗೆ ಒಂಬತ್ತು ಬಗೆಗಳಿವೆ. ಅವುಗಳಲ್ಲಿ ‘ಕೇಯಾಟಿಕ್ ನ್ಯೂಟ್ರಲ್’ ಎಂಬುದೊಂದು. ಕಟ್ಟುಪಾಡಿಗೂ ಸಿಕ್ಕದ, ಒಳಿತು ಕೆಡುಕುಗಳಿಗೂ ಅಂಟದ ಸ್ವಭಾವ. ಅದನ್ನು ಆರಿಸಿಕೊಂಡವನ ಪಕ್ಕ ಕೂರುವವರು ಚೀಲದ ಬಾಯಿ ಬಿಗಿದುಕೊಳ್ಳುವುದು ಒಳ್ಳೆಯದು.

ನಿಯಮ ಪಂಡಿತನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವನಿಗೆ ಗೊತ್ತಾದರೆ ಪುಟಸಂಖ್ಯೆಯೊಂದಿಗೆ ಉತ್ತರ ಬರುತ್ತದೆ. ಸುಮ್ಮನೆ ಕೂರುವವಳ ಬಗ್ಗೆ ಹೇಳಬೇಕು. ಎಲ್ಲರೂ ಕೂಗಾಡುತ್ತಿರುವಾಗ ಅವಳು ಹಾಳೆಯ ಅಂಚಿನಲ್ಲಿ ತನ್ನ ಪಾತ್ರದ ಬೂಟಿನ ಚಿತ್ರ ಬಿಡಿಸುತ್ತಿರುತ್ತಾಳೆ. ಬೇಸರವಾಗಿದೆಯೆಂದು ನಾವೇ ತೀರ್ಮಾನಿಸಿ, ಉಪಕಾರ ಮಾಡುವ ಉತ್ಸಾಹದಲ್ಲಿ ‘ನೀನೇನು ಮಾಡುತ್ತೀಯ?’ ಎಂದು ಮೇಲಿಂದ ಮೇಲೆ ಕೇಳುತ್ತೇವೆ. ಅವಳಿಗೆ ಬೇಕಾದದ್ದು ಕಥೆ ಕೇಳುವ ಸುಖ. ಅಷ್ಟನ್ನೂ ನಾವು ಬಿಡುವುದಿಲ್ಲ.

ಇಷ್ಟು ಮಂದಿಯನ್ನು ಹಿಡಿದು ನಡೆಸಬೇಕಾದ, ಕಥೆ ಹೆಣೆದು ಆಡಿಸುವ ಗೇಮ್ ಮಾಸ್ಟರ್ ಪಾಡನ್ನು ನೋಡಿದರೆ ಅಯ್ಯೋ ಎನಿಸುತ್ತದೆ. ನಮ್ಮ ಗೆಳತಿಯೊಬ್ಬಳು ರಾಜನ ಕೊಲೆಗೆ ಸಂಚು, ತಲೆಮಾರುಗಳ ದ್ವೇಷ, ಗುಪ್ತದ್ವಾರಗಳ ಸಮೇತ ಅರಮನೆಯ ನಕ್ಷೆ, ಎಲ್ಲವನ್ನೂ ನಿದ್ದೆಗೆಟ್ಟು ಸಿದ್ಧಪಡಿಸಿದ್ದಳು. ನಾವು ಅರಮನೆಯ ಬಾಗಿಲಿಗೆ ಬಂದೆವು. ಮಾಂತ್ರಿಕನಾಗಿದ್ದವನು ಅಲ್ಲಿನ ಕಾವಲುಗಾರನ ಹೆಸರು ಕೇಳಿದ. ಕಾವಲುಗಾರನಿಗೆ ಹೆಸರಿರಲಿಲ್ಲ. ಅವಳು ಒಂದು ಕ್ಷಣ ತಡವರಿಸಿ, ಕೈಯಲ್ಲಿದ್ದುದನ್ನು ನೋಡಿ ‘ಪೆನ್ಸಿಲಸ್’ ಎಂದಳು. ಮುಗಿಯಿತು. ಪೆನ್ಸಿಲಸ್‌ಗೆ ಮದುವೆಯಾಗಿದೆಯೇ, ಸಂಬಳ ಸಾಲುತ್ತದೆಯೇ, ಕಾಲಿಗೇಕೆ ಪಟ್ಟಿ ಕಟ್ಟಿಕೊಂಡಿದ್ದಾನೆ? ಆ ಇಡೀ ಸಂಜೆ ನಾವು ಪೆನ್ಸಿಲಸ್‌ನ ಕಾಣೆಯಾದ ತಮ್ಮನನ್ನು ಹುಡುಕುತ್ತಾ ಕಳೆದೆವು. ಒಳಗೆ ಕೊಲೆಗಾರ ಪರದೆಯ ಹಿಂದೆ ಚೂರಿ ಹಿಡಿದು ನಿಂತೇ ಇದ್ದ.

ಅವಳಿಗೆ ಸಮಾಧಾನ ಹೇಳುವವರು ಹಳೆಯ ಕಥೆಯೊಂದನ್ನು ಹೇಳಬಹುದು. ಈ ಬಗೆಯ ಆಟದ ಬೇರು ಹುಡುಕಿಕೊಂಡು ಹೋದರೆ ಸಿಗುವುದು ಅಮೆರಿಕದ ಮಿನೆಸೋಟದಲ್ಲಿ 1969ರಲ್ಲಿ ಡೇವಿಡ್ ವೆಸ್ಲಿ ಎಂಬಾತ ಆಡಿಸಿದ ಒಂದು ಯುದ್ಧದಾಟ. ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಊರು, ನೆಪೋಲಿಯನ್ ಕಾಲ. ಸೈನ್ಯಗಳ ಜೊತೆಗೆ ಊರಿನವರ ಪಾತ್ರಗಳನ್ನೂ ಆತ ಆಟಗಾರರಿಗೆ ಹಂಚಿದ. ಅವರೋ ಯುದ್ಧ ಶುರುವಾಗುವ ಮೊದಲೇ ಗುಸುಗುಸು, ಪಿತೂರಿಗಳಲ್ಲಿ ಮುಳುಗಿದರು. ಇಬ್ಬರು ದ್ವಂದ್ವಯುದ್ಧಕ್ಕೇ ಇಳಿದರು. ಅದಕ್ಕೆ ನಿಯಮವೇ ಇರಲಿಲ್ಲ. ಆಟ ಕೆಟ್ಟುಹೋಯಿತೆಂದು ವೆಸ್ಲಿ ಭಾವಿಸಿದ. ಆಟಗಾರರು ಮತ್ತೆ ಯಾವಾಗ ಎಂದು ಕೇಳಿದರು. ಆ ಬಳಗದ ಡೇವ್ ಆರ್ನೆಸನ್ ಮುಂದೆ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ ರೂಪಿಸಿದ್ದೇ 1974ರಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಂದರೆ ಆಡಿಸುವವರ ಮಾತು ಕೇಳದಿರುವುದು ಈ ಆಟಕ್ಕೆ ಆಮೇಲೆ ಅಂಟಿದ ಚಾಳಿಯಲ್ಲ, ಹುಟ್ಟುಗುಣ. ಗೆಳತಿಗೆ ಇದನ್ನು ಹೇಳಿದೆ. ವೆಸ್ಲಿ ಅರಮನೆಯ ನಕ್ಷೆ ಬರೆದಿದ್ದನೇ ಎಂದು ಕೇಳಿದಳು.

ಇನ್ನು ದಾಳ. ಇಪ್ಪತ್ತು ಮುಖಗಳ ದಾಳದಲ್ಲಿ ಅತಿ ಕಡಿಮೆ ಅಂಕಿಯಾದ 1 ಬೀಳುವ ಸಾಧ್ಯತೆ ಶೇಕಡಾ 5. ಎರಡು ಸಲ ಎಸೆದರೆ ಎರಡೂ ಸಲ ಆ 1 ಬೀಳುವುದು ನಾನೂರರಲ್ಲಿ ಒಂದು ಪಾಲು. ಈ ಗಣಿತ ಗೊತ್ತಿದ್ದವರೂ ಕೈಕೊಟ್ಟ ದಾಳವನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಶಿಕ್ಷಿಸುವುದನ್ನು ನೋಡಿದ್ದೇನೆ. ನನಗೆ ಅದು ಮೂರ್ಖತನವೆಂದು ತೋರುವುದಿಲ್ಲ. ಸೋತ ಸಿಟ್ಟನ್ನು ಪ್ಲಾಸ್ಟಿಕ್ ತುಂಡೊಂದು ಹೊತ್ತುಕೊಂಡರೆ ಪಕ್ಕದಲ್ಲಿ ಕೂತವರು ಬದುಕಿಕೊಳ್ಳುತ್ತಾರೆ.

ಜಗಳವಾಗದಿರಲೆಂದು ಅನುಭವಿಗಳು ‘ಸೆಷನ್ ಝೀರೋ’ ಎಂಬ ಏರ್ಪಾಡು ಮಾಡಿಕೊಂಡಿದ್ದಾರೆ. ಆಟಕ್ಕೆ ಮೊದಲು ಒಮ್ಮೆ ಕೂತು ಎಂಥ ಕಥೆ ಬೇಕು, ಯಾವ ವಿಷಯ ಬೇಡ, ಒಬ್ಬರನ್ನೊಬ್ಬರು ದೋಚಬಹುದೇ ಎಂದೆಲ್ಲ ಮಾತಾಡಿಕೊಳ್ಳುವುದು. ಬಲು ಒಳ್ಳೆಯ ಪದ್ಧತಿ, ತಮಾಷೆಗೆ ಹೇಳುತ್ತಿಲ್ಲ. ಆದರೆ ಆ ದಿನಕ್ಕೂ ಎಲ್ಲರೂ ಬಿಡುವಾಗಿ ಸಿಗಬೇಕಲ್ಲ! ಒಬ್ಬರಿಗೆ ಭಾನುವಾರ ಆಗದು, ಇನ್ನೊಬ್ಬರಿಗೆ ಭಾನುವಾರ ಬಿಟ್ಟು ಬೇರೆ ಆಗದು. ಡ್ರ್ಯಾಗನ್ನಿನ ಬಾಯಿಗೆ ಸಿಕ್ಕಿ ನಿಂತ ಕಥೆಗಳಿಗಿಂತ ಕ್ಯಾಲೆಂಡರಿಗೆ ಸಿಕ್ಕಿ ನಿಂತ ಕಥೆಗಳೇ ಹೆಚ್ಚು. ನಮ್ಮ ರಾಜನ ಕಥೆಯೂ ಹಾಗೆಯೇ ನಿಂತಿತು. ಕೊಲೆಯಾಗದೆ ಉಳಿದ ಆ ಪುಣ್ಯವಂತ ರಾಜನು ಪೆನ್ಸಿಲಸ್‌ಗೆ ಸಂಬಳ ಹೆಚ್ಚಿಸಿರಬೇಕು.

ಈಗ ಹೊಸ ಆಟದ ಮಾತು ನಡೆದಿದೆ. ಕಳ್ಳನಾಗಿದ್ದ ಗೆಳೆಯ ಈ ಸಲ ಸಾತ್ವಿಕ ಪುರೋಹಿತನಾಗುತ್ತಾನಂತೆ. ಎಲ್ಲರೂ ಮೆಚ್ಚಿ ತಲೆದೂಗಿದೆವು. ಪಾತ್ರದ ಹಾಳೆ ತುಂಬುತ್ತಾ ಅವನು ಗೆಳತಿಯನ್ನು ಕೇಳಿದ ಮೊದಲ ಪ್ರಶ್ನೆ, ದೇವಾಲಯದ ಖಜಾನೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದು.